ಆ ಹತ್ತು ಸಾವಿರ ಡಾಲರ್‌ಗೆ ಯಾರು ಕಾಯಬೇಕು?

(ಬೆಂಗಳೂರಿನಲ್ಲಿ ಎಸಿ ಮತ್ತು ಸೋಲಾರ್ ಹೀಟರ್ ವ್ಯಾಪಾರಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಮಾತು ದಾರಿ ತಪ್ಪಿದ ಕಡೆ ಸ್ವಲ್ಪ ಸರಿ ಮಾಡಿದ್ದೇನೆ. ಪೂರ್ತಿ ಅಲ್ಲ.)

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚಿನ ಮಾತು ನನ್ನ ಪಾಲಿಗೆ ಬಂದಿದೆ. ಬೇಗ ಮುಗಿಸುತ್ತೇನೆ ಅಂತ ಸುಳ್ಳು ಹೇಳುವುದಿಲ್ಲ. ವಿಷಯ ರಿಬೇಟ್, ಅಂದರೆ ಮಷೀನು ಕೊಂಡ ಗಿರಾಕಿಗೆ ಯೋಜನೆಯೊಂದರಿಂದ ಸಿಗುವ, ಹೆಚ್ಚಾಗಿ ಆಮೇಲೆ ಕೈಗೆ ಬರುವ ದುಡ್ಡು.

ಒಂದು ಅಡುಗೆಮನೆ ಟೇಬಲ್‌ನಿಂದ ಶುರು ಮಾಡುತ್ತೇನೆ. 2022ರ ಡಿಸೆಂಬರ್, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ. ನಾನು ಅಲ್ಲಿ ಒಂದು ಸಣ್ಣ ಕಾಂಟ್ರಾಕ್ಟರ್ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಯಜಮಾನರು, ನಾನು, ಐದು ಜನ ಟೆಕ್ನಿಷಿಯನ್‌ಗಳು, ಮೂರು ವ್ಯಾನು, ಅಷ್ಟೇ ನಮ್ಮ ಕಂಪನಿ. ಮನೆಗಳಿಗೆ ಹೀಟಿಂಗ್, ಕೂಲಿಂಗ್ ಕೂರಿಸುವುದು ಕಸುಬು. ಮನೆಗೆ ಹೋಗಿ ಅಳತೆ ತೆಗೆದು ಕೊಟೇಶನ್ ಕೊಡುವುದು ನನ್ನ ಕೆಲಸ.

ಆ ಮನೆಯಲ್ಲಿ ಇದ್ದವರು ರಿಟೈರ್ ಆದ ಗಂಡ ಹೆಂಡತಿ. ಬೇಸ್‌ಮೆಂಟಿನಲ್ಲಿ ಹಳೇ ಆಯಿಲ್ ಬಾಯ್ಲರ್, ಪಕ್ಕದಲ್ಲಿ 275 ಗ್ಯಾಲನ್ನಿನ ಟ್ಯಾಂಕ್. ನಮ್ಮ ಲೆಕ್ಕದಲ್ಲಿ ಸಾವಿರ ಲೀಟರ್‌ಗೆ ಸ್ವಲ್ಪ ಜಾಸ್ತಿ. ಆ ವರ್ಷ ಎಣ್ಣೆ ಬೆಲೆ ಏರಿಬಿಟ್ಟಿತ್ತು. ಟ್ಯಾಂಕ್ ತುಂಬಿಸಿದ ಬಿಲ್ಲನ್ನು ಆಕೆ ಫ್ರಿಡ್ಜ್ ಬಾಗಿಲಿಗೆ ಅಂಟಿಸಿದ್ದರು, ನೋಡಿದಾಗಲೆಲ್ಲ ಸಿಟ್ಟು ಬರಲಿ ಅಂತ. ಇದಕ್ಕಿಂತ ಒಳ್ಳೆ ಗಿರಾಕಿ ಸಿಗುತ್ತಾರಾ ಹೇಳಿ.

ನಾನು ಹೀಟ್ ಪಂಪ್ ಬಗ್ಗೆ ಹೇಳಿದೆ. ನಿಮಗೆ ವಿವರಿಸಬೇಕಿಲ್ಲ, ಇದು ಎರಡೂ ಕಡೆ ಓಡುವ ಎಸಿ. ಬೇಸಿಗೆಯಲ್ಲಿ ಮನೆಯ ಬಿಸಿಯನ್ನು ಹೊರಗೆ ಹಾಕುತ್ತದೆ, ಚಳಿಗಾಲದಲ್ಲಿ ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನು ಹಿಂಡಿ ಒಳಗೆ ತರುತ್ತದೆ. ಹೊರಗೆ ನೀರು ಗಡ್ಡೆ ಕಟ್ಟುವ ಚಳಿ ಇದ್ದಾಗಲೂ ಕೆಲಸ ಮಾಡುವ ಮಾಡೆಲ್‌ಗಳು ಇವೆ. ಟನ್ ಲೆಕ್ಕವೂ ನಮ್ಮದೇ, ಒಂದು ಟನ್ ಅಂದರೆ ಗಂಟೆಗೆ 12,000 ಬಿಟಿಯು. ಬಿಟಿಯು ಅಂದರೆ ಬಿಸಿಯ ಅಳತೆ.

ಕೊಟೇಶನ್ ಮುಂದಿಟ್ಟೆ. ಲೆಕ್ಕ ಸುಲಭವಾಗಲಿ ಅಂತ ಸಂಖ್ಯೆ ದುಂಡು ಮಾಡಿ ಹೇಳುತ್ತೇನೆ. ಕೆಲಸದ ಬೆಲೆ 24,000 ಡಾಲರ್. ರಿಬೇಟ್ 10,000. ನೀವು ಕೊಡುವುದು 14,000. ಆ 14,000ದ ಕೆಳಗೆ ನಾನು ಹಸಿರು ಪೆನ್ನಿನಲ್ಲಿ ಎರಡು ಗೆರೆ ಎಳೆದಿದ್ದೆ. ಬುದ್ಧಿವಂತ ಅಂದುಕೊಂಡಿದ್ದೆ.

ಆಕೆ ಕನ್ನಡಕ ಹಾಕಿಕೊಂಡು ಓದಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

"ಈ ಹತ್ತು ಸಾವಿರದ ಚೆಕ್ ಯಾವಾಗ ಬರುತ್ತೆ?"

"ಕೆಲಸ ಮುಗಿದು, ಅರ್ಜಿ ಹಾಕಿ, ಎಂಟು ಹತ್ತು ವಾರ ಆಗಬಹುದು."

"ಅಲ್ಲಿವರೆಗೆ ಆ ದುಡ್ಡು ಯಾರದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಪದ್ಧತಿ ಪ್ರಕಾರ ಕೆಲಸ ಮುಗಿದ ದಿನವೇ ಪೂರ್ತಿ 24,000 ಅವರು ಕೊಡಬೇಕಿತ್ತು. ಅಂದರೆ ನಾನು ಗೆರೆ ಎಳೆದ 14,000 ಆ ದಿನಕ್ಕೆ ಸುಳ್ಳು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. "ಯೋಚನೆ ಮಾಡಿ ಹೇಳ್ತೀವಿ" ಅಂದರು. ಆ ಮಾತಿನ ಅರ್ಥ ನಿಮಗೆಲ್ಲ ಗೊತ್ತು.

ವಾಪಸ್ ಬರುವಾಗ ವ್ಯಾನಿನಲ್ಲಿ ಅನ್ನಿಸಿದ್ದು ಇದು. ರಿಬೇಟನ್ನು ನಾವೆಲ್ಲ ಬೆಲೆ ಇಳಿಕೆ ಅಂತ ನೋಡುತ್ತೇವೆ. ಅದು ಬೆಲೆ ಇಳಿಕೆ ಅಲ್ಲ. ಅದು ಯಾರೋ ಒಬ್ಬರು ಕಾಯಬೇಕಾದ ದುಡ್ಡು. ಮನೆಯವರು ಕಾಯಬೇಕು, ಇಲ್ಲ ಕಾಂಟ್ರಾಕ್ಟರ್ ಕಾಯಬೇಕು, ಇಲ್ಲ ಡಿಸ್ಟ್ರಿಬ್ಯೂಟರ್ ಕಾಯಬೇಕು. ಇವತ್ತು ನಾನು ಹೇಳುವ ಬೇರೆ ಎಲ್ಲವೂ ಇದರ ಸುತ್ತಲೇ.

ಆ 10,000 ಎಲ್ಲಿಂದ ಬರುತ್ತಿತ್ತು ಅಂತ ಮೊದಲು ಹೇಳಿಬಿಡುತ್ತೇನೆ. ಮ್ಯಾಸಚೂಸೆಟ್ಸ್‌ನಲ್ಲಿ ಮ್ಯಾಸ್ ಸೇವ್ ಅಂತ ಒಂದು ಯೋಜನೆ ಇದೆ. ಕರೆಂಟ್, ಗ್ಯಾಸ್ ಕಂಪನಿಗಳು ಸೇರಿ ನಡೆಸುತ್ತವೆ. ದುಡ್ಡು ಎಲ್ಲರ ಬಿಲ್ಲಿನಲ್ಲಿ ಸೇರಿಸುವ ಒಂದು ಸಣ್ಣ ಚಾರ್ಜಿನಿಂದ ಬರುತ್ತದೆ. ಆಕೆ ವರ್ಷಗಟ್ಟಲೆ ಕಟ್ಟಿದ್ದೇ ಆಕೆಗೆ ವಾಪಸ್ ಬರುವುದು. ಪುಕ್ಕಟೆ ಏನಲ್ಲ. ಇದನ್ನು ಹೇಳಿದರೆ ಗಿರಾಕಿಗೆ ಒಂಥರಾ ಹಕ್ಕಿನ ಭಾವನೆ ಬರುತ್ತದೆ, ಸಂಕೋಚ ಹೋಗುತ್ತದೆ. ನನಗೆ ಇದು ಗೊತ್ತಾಗಿದ್ದು ಸ್ವಲ್ಪ ತಡವಾಗಿ.

ಷರತ್ತುಗಳೂ ಇದ್ದವು. ಚಳಿಗಾಲಕ್ಕೆ ಮನೆ ಕಾಯಿಸುವುದು ಹೀಟ್ ಪಂಪೇ ಅಂತ ಮನೆಯವರೂ ಕಾಂಟ್ರಾಕ್ಟರೂ ಸಹಿ ಹಾಕಬೇಕು. ಮನೆಯ ಗೋಡೆ, ಅಟ್ಟಗಳಲ್ಲಿ ಬಿಸಿ ಸೋರದ ಹಾಗೆ ಮೊದಲು ಮಾಡಿಸಿರಬೇಕು. ಪಟ್ಟಿಯಲ್ಲಿರುವ ಕಾಂಟ್ರಾಕ್ಟರೇ ಕೆಲಸ ಮಾಡಬೇಕು. ಇವೆಲ್ಲ ಕಿರಿಕಿರಿ ಅನ್ನಿಸಬಹುದು, ಆದರೆ ಒಳ್ಳೆ ಕಾಂಟ್ರಾಕ್ಟರ್‌ಗೆ ಇದೇ ಬೇಲಿ. ಪಟ್ಟಿಯಲ್ಲಿ ಇಲ್ಲದವನು ಎರಡು ಸಾವಿರ ಕಮ್ಮಿ ಹೇಳಿದರೂ ಗಿರಾಕಿ ಅವನ ಹತ್ತಿರ ಹೋಗುವುದಿಲ್ಲ.

ಸರಿ, ಆಮೇಲೆ ನಾವು ಮಾಡಿದ್ದೇನು? ಕಂತು ಬದಲಿಸಿದೆವು. ಅಡ್ವಾನ್ಸ್ ಒಂದು ಕಂತು, ಮಷೀನು ಓಡಿದ ದಿನ ಇನ್ನೊಂದು, ರಿಬೇಟ್ ಚೆಕ್ ಬಂದ ಮೇಲೆ ಮೂರನೆಯದು. ಅಂದರೆ ಕಾಯುವ ಕೆಲಸ ನಮ್ಮ ತಲೆ ಮೇಲೆ ಹಾಕಿಕೊಂಡೆವು. ಯಜಮಾನರು ಒಪ್ಪಲು ಮೂರು ವಾರ ತೆಗೆದುಕೊಂಡರು. ಅವರ ಭಯ ಸುಳ್ಳಲ್ಲ. ಲೆಕ್ಕ ಹಾಕಿ ನೋಡಿ. ಒಂದೇ ಸಲ ಎಂಟು ಮನೆ ಕೆಲಸ ಮುಗಿಸಿದರೆ 80,000 ಡಾಲರ್ ಗಾಳಿಯಲ್ಲಿ. ಡಿಸ್ಟ್ರಿಬ್ಯೂಟರ್ ಮಾತ್ರ ಮೂವತ್ತು ದಿನಕ್ಕೆ ಸರಿಯಾಗಿ ಬಿಲ್ ಕೇಳುತ್ತಾನೆ. ಹುಡುಗರ ಸಂಬಳ ವಾರಕ್ಕೊಮ್ಮೆ. ಅದಕ್ಕೇ ಒಂದು ಮಿತಿ ಇಟ್ಟುಕೊಂಡೆವು, ಒಂದು ಸಲಕ್ಕೆ ಆರು ಮನೆ. ಏಳನೆಯವರಿಗೆ ಬಡ್ಡಿ ಇಲ್ಲದ ಸಾಲದ ದಾರಿ ತೋರಿಸುತ್ತಿದ್ದೆವು. ಅದೂ ಮ್ಯಾಸ್ ಸೇವ್‌ನದೇ, 25,000 ಡಾಲರ್‌ವರೆಗೆ, ಏಳು ವರ್ಷದ ಕಂತು. ಪೂರ್ತಿ 24,000ಕ್ಕೆ ಸಾಲ ತೆಗೆದರೂ ತಿಂಗಳಿಗೆ 286 ಡಾಲರ್ ಆಗುತ್ತದೆ. ಎಣ್ಣೆ ಬಿಲ್ಲಿನ ಪಕ್ಕ ಈ ಸಂಖ್ಯೆ ಬರೆದು ಸುಮ್ನೆ ಕೂತರೆ ಸಾಕು. ಮಾತು ಬೇಡ.

ಆ ದಂಪತಿಗೆ ಫೆಬ್ರವರಿಯಲ್ಲಿ ಮತ್ತೆ ಫೋನ್ ಮಾಡಿದೆ. ಬೇರೆಯವರ ಹತ್ತಿರ ಮಾಡಿಸಿಬಿಟ್ಟಿದ್ದರು. ಬೆಲೆ ನಮಗಿಂತ ಜಾಸ್ತಿಯೇ.

ಈಗ ಕಾಗದದ ವಿಷಯ. ನಿಮಗೆ ಬೇಜಾರಾಗಬಹುದು, ಆದರೆ ನನ್ನ ಪ್ರಕಾರ ಇಡೀ ವ್ಯಾಪಾರ ಇಲ್ಲೇ ಇದೆ.

ಅಲ್ಲಿ ರಿಬೇಟ್ ಬೇಕಾದರೆ ಎಎಚ್ಆರ್‌ಐ ನಂಬರ್ ಬೇಕು. ಎಎಚ್ಆರ್‌ಐ ಅಂದರೆ ಎಸಿ, ಹೀಟಿಂಗ್ ಮಷೀನು ಮಾಡುವವರ ಸಂಘ. ಹೊರಗಿನ ಯೂನಿಟ್ ಒಂದು, ಒಳಗಿನ ಯೂನಿಟ್ ಒಂದು, ಇವೆರಡನ್ನೂ ಜೋಡಿಯಾಗಿ ಪರೀಕ್ಷಿಸಿ ಇಂಥ ಜೋಡಿಗೆ ಇಷ್ಟು ದಕ್ಷತೆ ಅಂತ ಒಂದು ಸರ್ಟಿಫಿಕೇಟ್ ಇರುತ್ತದೆ. ನೆನಪಿಡಿ, ಸರ್ಟಿಫಿಕೇಟ್ ಜೋಡಿಗೆ. ಗಂಡು ಹೆಣ್ಣಿನ ಜಾತಕ ಕೂಡಿಸಿದ ಹಾಗೆ. ಎರಡೂ ಒಳ್ಳೆ ಮಷೀನೇ ಆಗಿರಬಹುದು, ಜೋಡಿ ಪಟ್ಟಿಯಲ್ಲಿ ಇಲ್ಲದಿದ್ದರೆ ರಿಬೇಟ್ ಇಲ್ಲ.

ಒಂದು ಶುಕ್ರವಾರ ನಮ್ಮ ಹುಡುಗರು ಒಂದು ಮನೆಯಲ್ಲಿ ಕೆಲಸ ಮಾಡುತ್ತಿದ್ದರು. ಕೊಟೇಶನ್‌ನಲ್ಲಿ ಬರೆದ ಒಳಗಿನ ಯೂನಿಟ್ ಡಿಸ್ಟ್ರಿಬ್ಯೂಟರ್ ಹತ್ತಿರ ಸ್ಟಾಕ್ ಇರಲಿಲ್ಲ. ಕೌಂಟರ್‌ನಲ್ಲಿದ್ದವನು ಅದೇ ಕಂಪನಿಯ, ಅದೇ ಸೈಜಿನ ಇನ್ನೊಂದು ಕೊಟ್ಟ. "ಒಂದೇ ಅದು, ಕೊನೆ ಅಕ್ಷರ ಮಾತ್ರ ಬೇರೆ" ಅಂದ. ಹುಡುಗರು ಕೂರಿಸಿದರು. ಮನೆ ಬೆಚ್ಚಗಾಯಿತು, ಎಲ್ಲರೂ ಖುಷಿ. ಏಳು ವಾರ ಕಳೆದ ಮೇಲೆ ಅರ್ಜಿ ತಿರಸ್ಕಾರ. ಮಾಡೆಲ್ ನಂಬರಿನ ಆ ಕೊನೆಯ ಅಕ್ಷರ! ಸರ್ಟಿಫಿಕೇಟ್‌ನಲ್ಲಿದ್ದ ಜೋಡಿ ಬೇರೆ, ಗೋಡೆ ಮೇಲಿದ್ದ ಜೋಡಿ ಬೇರೆ. ತಪ್ಪು ನಮ್ಮದೇ. ಹೊಸ ಯೂನಿಟ್ ತರಿಸಿ ಬದಲಿಸಿ ಕೊಟ್ಟೆವು, ನಮ್ಮ ಖರ್ಚಿನಲ್ಲಿ. ಆ ಕೆಲಸದಲ್ಲಿ ಲಾಭ ಏನೂ ಉಳಿಯಲಿಲ್ಲ.

ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆವು. ಯೂನಿಟ್ ಡಬ್ಬದಿಂದ ಹೊರಗೆ ಬಂದ ತಕ್ಷಣ, ಗೋಡೆಗೆ ಏರಿಸುವ ಮುಂಚೆ, ಅದರ ಮೈಮೇಲೆ ಮಾಡೆಲ್ ನಂಬರ್ ಇರುವ ಪ್ಲೇಟಿನ ಫೋಟೋ ತೆಗೆದು ನನಗೆ ಕಳಿಸಬೇಕು. ನಾನು ಆಫೀಸಿನಲ್ಲಿ ಕೂತು ನಂಬರ್ ತಾಳೆ ನೋಡಿ "ಹೂಂ" ಅಂದ ಮೇಲೇ ಡ್ರಿಲ್ ಹಿಡಿಯಬೇಕು. ಹುಡುಗರು ಮೊದಲು ಗೊಣಗಿದರು. ಡಬ್ಬದ ಮೇಲಿನ ಸ್ಟಿಕ್ಕರ್ ಫೋಟೋ ಕಳಿಸಿ ನನ್ನನ್ನು ಯಾಮಾರಿಸಲು ನೋಡಿದವನೂ ಇದ್ದ. ಸ್ಟಿಕ್ಕರ್ ಬೇಡ, ಪ್ಲೇಟ್ ಬೇಕು.

ಮನೆಯವರಿಂದ ಬೇಕಾದ ಕಾಗದ ಅಂದರೆ ಕರೆಂಟ್ ಬಿಲ್ಲಿನ ಪ್ರತಿ ಮತ್ತು ಸಹಿ. ಇದನ್ನು ಅಡ್ವಾನ್ಸ್ ತೆಗೆದುಕೊಳ್ಳುವ ದಿನವೇ ಕೇಳಬೇಕು. ಕೆಲಸ ಮುಗಿದ ಮೇಲೆ ಕೇಳಿದರೆ ಅವರು ಚಳಿ ತಪ್ಪಿಸಿಕೊಳ್ಳಲು ಫ್ಲೋರಿಡಾಗೆ ಹೋಗಿರುತ್ತಾರೆ. ಅರ್ಜಿ ನಾವೇ ತುಂಬಿ, ನಾವೇ ಕಳಿಸಿ, "ಹಾಕಿದ್ದೀವಿ, ಇದು ನಿಮ್ಮ ಅರ್ಜಿ ನಂಬರ್" ಅಂತ ಒಂದು ಮೆಸೇಜ್. ಇದಕ್ಕೆ ಖರ್ಚಾಗುವುದು ಒಂದು ಗಂಟೆ. ಆ ಒಂದು ಗಂಟೆಯ ಹೆಸರಿನಲ್ಲಿ ಬಂದಷ್ಟು ಹೊಸ ಗಿರಾಕಿಗಳು ನಮ್ಮ ಜಾಹೀರಾತಿನಿಂದ ಬರಲಿಲ್ಲ. "ಅವರೇ ಎಲ್ಲಾ ಮಾಡಿಕೊಟ್ಟರು" ಅಂತ ಪಕ್ಕದ ಮನೆಯವರಿಗೆ ಹೇಳುತ್ತಿದ್ದರು. ಮಷೀನಿನ ಬ್ರಾಂಡ್ ಕೂಡ ಅವರಿಗೆ ನೆನಪಿರುತ್ತಿರಲಿಲ್ಲ.

ರಿಬೇಟ್ ಬೇರೆ, ಟ್ಯಾಕ್ಸ್ ಕ್ರೆಡಿಟ್ ಬೇರೆ. ಇದನ್ನು ಕಲಸಿ ಹೇಳಿದ ಸೇಲ್ಸ್‌ನವರು ಅಲ್ಲಿ ತುಂಬಾ ಜನ. ಅಮೆರಿಕದ ಕೇಂದ್ರ ಸರ್ಕಾರ 2023ರಿಂದ ಹೀಟ್ ಪಂಪ್ ಖರ್ಚಿನ ಶೇಕಡಾ 30, ಹೆಚ್ಚೆಂದರೆ 2,000 ಡಾಲರ್, ತೆರಿಗೆಯಲ್ಲಿ ಬಿಡುತ್ತಿತ್ತು. ಕೊಟೇಶನ್‌ನಲ್ಲಿ ಇನ್ನೊಂದು ಸಾಲು ಬರೆದು 2,000 ಕಳೆಯುವುದು ಸುಲಭ. ಆದರೆ ಅದು ಕಟ್ಟಬೇಕಾದ ತೆರಿಗೆಯಲ್ಲಿ ಮಾತ್ರ ಕಳೆಯುವ ದುಡ್ಡು. ತೆರಿಗೆಯೇ ಕಟ್ಟದ ರಿಟೈರ್ ಆದವರಿಗೆ ಸಿಗುವುದು ಸೊನ್ನೆ. ಮುಂದಿನ ವರ್ಷಕ್ಕೆ ಉಳಿಸಿಕೊಳ್ಳುವ ಹಾಗೂ ಇಲ್ಲ. ಏಪ್ರಿಲ್‌ನಲ್ಲಿ ಅವರ ಆಡಿಟರ್ ಇದನ್ನು ಹೇಳುತ್ತಾನೆ, ಮೇ ತಿಂಗಳಲ್ಲಿ ಅವರು ನಿಮಗೆ ಫೋನ್ ಮಾಡುತ್ತಾರೆ. ನಾನು ಆ ಸಾಲು ಬರೆಯುವುದನ್ನೇ ಬಿಟ್ಟೆ. "ನಿಮ್ಮ ಆಡಿಟರ್‌ನ ಕೇಳಿ, ಸಿಕ್ಕರೆ ಸಂತೋಷ" ಅಂತಷ್ಟೇ.

ಆ ಕ್ರೆಡಿಟ್ ಕಥೆ ಮುಗಿಯಿತು. 2025ರ ಜುಲೈ 4ರಂದು ಸಹಿ ಆದ ಕಾನೂನು ಅದನ್ನು 2025ರ ಡಿಸೆಂಬರ್ 31ಕ್ಕೆ ನಿಲ್ಲಿಸಿತು. ಇಲ್ಲೂ ಒಂದು ಸೂಕ್ಷ್ಮ ಇತ್ತು. ಆ ದಿನದೊಳಗೆ ಅಡ್ವಾನ್ಸ್ ಕೊಟ್ಟಿದ್ದರೆ ಸಾಲದು, ಮಷೀನು ಕೂತು ಓಡಿರಬೇಕು. ಕೊನೇ ತಿಂಗಳಲ್ಲಿ ಆರ್ಡರ್ ತೆಗೆದುಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಗಿರಾಕಿಗಲ್ಲ, ನಮ್ಮ ಹುಡುಗರ ಕ್ಯಾಲೆಂಡರ್‌ಗೆ.

ಇದಕ್ಕಿಂತ ದೊಡ್ಡ ತಲೆನೋವು ಘೋಷಣೆ. 2022ರ ಆಗಸ್ಟ್‌ನಲ್ಲಿ ಬೈಡನ್ ಸಹಿ ಹಾಕಿದ ಕಾನೂನಿನಲ್ಲಿ ಕಡಿಮೆ ಮತ್ತು ಮಧ್ಯಮ ಆದಾಯದ ಮನೆಗಳಿಗೆ ಹೀಟ್ ಪಂಪ್‌ಗೆ 8,000 ಡಾಲರ್‌ವರೆಗೆ ರಿಬೇಟ್ ಇತ್ತು. ಟಿವಿಯಲ್ಲಿ ಬಂತು, ಪೇಪರಿನಲ್ಲಿ ಬಂತು. ಜನ ಫೋನ್ ಮಾಡತೊಡಗಿದರು. ಆದರೆ ದುಡ್ಡು ಕೇಂದ್ರದಿಂದ ರಾಜ್ಯಗಳಿಗೆ ಹೋಗಬೇಕು, ರಾಜ್ಯ ನಿಯಮ ಮಾಡಬೇಕು. ಮೊದಲು ಶುರು ಮಾಡಿದ್ದು ನ್ಯೂಯಾರ್ಕ್, ಅದೂ 2024ರಲ್ಲಿ. ಮೊದಲೇ ಹಾಕಿಸಿಕೊಂಡವರಿಗೆ ಆಮೇಲೆ ಕೊಡುವುದಿಲ್ಲ ಅಂತ ಬೇರೆ ನಿಯಮ. ಜನ ಏನು ಮಾಡುತ್ತಾರೆ? ಕಾಯುತ್ತಾರೆ. ಮೂಗಿಗೆ ತುಪ್ಪ ಸವರಿಸಿಕೊಂಡು ಹಳೇ ಬಾಯ್ಲರ್ ಮುಂದೆ ಕೂತು ಕಾಯುತ್ತಾರೆ.

ನಗಬೇಡಿ. ನಿಮಗೂ ಹೋದ ವರ್ಷ ಇದೇ ಆಯಿತಲ್ವಾ? 2025ರ ಆಗಸ್ಟ್ 15ರಂದು ಜಿಎಸ್‌ಟಿ ಇಳಿಯುತ್ತೆ ಅಂತ ಸುದ್ದಿ. ಎಸಿ ಮೇಲೆ ಶೇಕಡಾ 28 ಇದ್ದದ್ದು 18 ಆಗಿ ಜಾರಿಗೆ ಬಂದದ್ದು ಸೆಪ್ಟೆಂಬರ್ 22ಕ್ಕೆ. ನಡುವಿನ ಐದು ವಾರ ಅಂಗಡಿಗೆ ಬಂದವರೆಲ್ಲ ರೇಟ್ ಕೇಳಿ ಹೋದವರೇ. ಅಲ್ಲಿ ಐದು ವಾರವಲ್ಲ, ಸುಮಾರು ಎರಡು ವರ್ಷ.

ಈ ಕಾಯುವವರನ್ನು ಏನು ಮಾಡಬೇಕು? ನಮ್ಮ ಯಜಮಾನರು ಒಂದು ಒಳ್ಳೆ ಕೆಲಸ ಮಾಡಿದರು. ಫೋನ್ ಮಾಡಿದವರಿಗೆಲ್ಲ "ನಿಮ್ಮ ಆದಾಯಕ್ಕೆ ಅದು ಸಿಗುವುದಿಲ್ಲ" ಅಥವಾ "ನಿಮಗೆ ಸಿಗಬಹುದು, ಕಾಯಿರಿ" ಅಂತ ನೇರವಾಗಿ ಹೇಳಿಸಿದರು. ಆ ಪ್ರದೇಶದ ನಡು ಆದಾಯದ ಒಂದೂವರೆ ಪಟ್ಟಿಗಿಂತ ಜಾಸ್ತಿ ದುಡಿಯುವ ಮನೆಗೆ ಅದು ಇಲ್ಲವೇ ಇಲ್ಲ. ಫೋನ್ ಮಾಡಿದವರಲ್ಲಿ ಅರ್ಧಕ್ಕರ್ಧ ಅಂಥವರೇ. ಸುಮ್ನೆ ಕಾಯುತ್ತಿದ್ದವರಿಗೆ ಕಾಯಬೇಡಿ ಅಂದ ತಕ್ಷಣ ಕೆಲಸ ಬಂತು. ಕಾಯಿರಿ ಅಂದವರು ನಮ್ಮನ್ನು ನಂಬಿದರು.

ದುಡ್ಡು ಯಾರ ಕೈಗೆ ಹೋದರೆ ವ್ಯಾಪಾರ ಚೆನ್ನಾಗಿ ಆಗುತ್ತದೆ ಅಂತ ಕೇಳಿದರೆ, ನನ್ನ ಓಟು ಅಂಗಡಿಗೆ. ಅಮೆರಿಕದ್ದೇ ಮೇನ್ ಅನ್ನುವ ರಾಜ್ಯವನ್ನು ನೋಡಿ. ಅಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳು ಎಣ್ಣೆಯಿಂದಲೇ ಬೆಚ್ಚಗಾಗುತ್ತಿದ್ದವು, ಚಳಿ ಅಂದರೆ ಎಲುಬು ಕೊರೆಯುವ ಚಳಿ. 2019ರಲ್ಲಿ ಅವರು 2025ರ ಹೊತ್ತಿಗೆ ಒಂದು ಲಕ್ಷ ಹೊಸ ಹೀಟ್ ಪಂಪ್ ಅಂತ ಗುರಿ ಇಟ್ಟರು. 2023ರಲ್ಲೇ ಮುಗಿಸಿ, 2027ಕ್ಕೆ ಇನ್ನೂ 1,75,000 ಅಂತ ಹೊಸ ಗುರಿ ಇಟ್ಟರು. ಅದೇ ರಾಜ್ಯದಲ್ಲಿ ನೀರು ಕಾಯಿಸುವ ಹೀಟ್ ಪಂಪ್‌ಗೆ ಅಂಗಡಿಯ ಬೆಲೆಯಲ್ಲೇ ರಿಬೇಟ್ ಕಳೆದು ಮಾರಿದರು. ಅರ್ಜಿ ಇಲ್ಲ, ಚೆಕ್ ಇಲ್ಲ. ಗೀಸರ್ ಕೆಡುವುದು ಸೋಮವಾರ ಬೆಳಿಗ್ಗೆ ಸ್ನಾನದ ಹೊತ್ತಿಗೆ. ಆ ಹೊತ್ತಿನಲ್ಲಿ ಯಾರೂ ಅರ್ಜಿ ತುಂಬುವುದಿಲ್ಲ, ಅಂಗಡಿಯಲ್ಲಿ ಇದ್ದದ್ದರಲ್ಲಿ ಅಗ್ಗದ್ದು ತರುತ್ತಾರೆ. ಅಗ್ಗದ್ದರ ಜಾಗದಲ್ಲಿ ಒಳ್ಳೆಯದು ಇರಬೇಕು, ಅಷ್ಟೇ.

ಕ್ಯಾಲಿಫೋರ್ನಿಯಾದಲ್ಲಿ ಕಾಂಟ್ರಾಕ್ಟರ್ ಕೈಗೇ ಕೊಟ್ಟರು. 2021ರ ಕೊನೆಯಲ್ಲಿ ಶುರುವಾದ ಯೋಜನೆ, ಕೆಲವೇ ತಿಂಗಳಲ್ಲಿ ಹೆಚ್ಚಿನ ಕಡೆ ದುಡ್ಡು ಖಾಲಿ. ಗೆಲುವು ಅನ್ನಬೇಕಾ? ಆ ದುಡ್ಡು ನಂಬಿ ಹೊಸ ಹುಡುಗರನ್ನು ಕೆಲಸಕ್ಕೆ ತೆಗೆದುಕೊಂಡವನನ್ನು ಕೇಳಬೇಕು. ರಿಬೇಟ್ ಮಳೆಗಾಲದ ಹಳ್ಳ ಇದ್ದ ಹಾಗೆ. ಅದನ್ನು ನಂಬಿ ಕಬ್ಬು ಹಾಕಬಾರದು.

ಇನ್ನು ಒಂದು ಕೆಟ್ಟ ಸುದ್ದಿಯನ್ನೂ ಹೇಳಬೇಕು. ಆಮೇಲೆ ಮ್ಯಾಸಚೂಸೆಟ್ಸ್‌ನಲ್ಲಿ ಟನ್‌ಗೆ 3,000 ಡಾಲರ್, ಒಟ್ಟು 10,000 ಮೀರದ ಹಾಗೆ ಅಂತ ನಿಯಮ ಬಂತು. ಕೇಳಲು ನ್ಯಾಯವಾಗಿದೆ. ಆದರೆ ಟನ್‌ಗೆ ಇಷ್ಟು ಅಂದ ಕೂಡಲೇ ಎರಡು ಟನ್ ಸಾಕಾಗುವ ಮನೆಗೆ ಮೂರು ಟನ್ ಮಾರುವ ಆಸೆ ಹುಟ್ಟುತ್ತದೆ. ಗಿರಾಕಿಗೂ ಖುಷಿ, ರಿಬೇಟ್ ಜಾಸ್ತಿ ಅಂತ. ದೊಡ್ಡ ಮಷೀನು ಏನು ಮಾಡುತ್ತದೆ? ಬೇಗ ಬಿಸಿ ಮಾಡಿ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ, ಮತ್ತೆ ನಿಲ್ಲುತ್ತದೆ. ಬೇಸಿಗೆಯಲ್ಲಿ ಗಾಳಿಯ ತೇವ ತೆಗೆಯುವಷ್ಟು ಹೊತ್ತು ಓಡುವುದೇ ಇಲ್ಲ, ಮನೆ ತಣ್ಣಗಿದ್ದೂ ಜಿಗುಟು. ಕಂಪ್ರೆಸರ್ ಆಯಸ್ಸು ಕಮ್ಮಿ. ಅದಕ್ಕೇ ಅಲ್ಲಿ ಮ್ಯಾನ್ಯುಯಲ್ ಜೆ ಅಂತ ಒಂದು ಲೆಕ್ಕ ಇದೆ. ಕಿಟಕಿ ಎಷ್ಟು, ಯಾವ ದಿಕ್ಕು, ಗೋಡೆ ಎಂಥದ್ದು ಎಲ್ಲಾ ನೋಡಿ ಈ ಮನೆಗೆ ಇಷ್ಟು ಸಾಕು ಅಂತ ಹೇಳುವ ಲೆಕ್ಕ. ನಾನು ಆ ಲೆಕ್ಕದ ಹಾಳೆಯನ್ನು ರಿಬೇಟ್ ಹಾಳೆಗಿಂತ ಮೇಲೆ ಇಡುತ್ತಿದ್ದೆ. ಎಲ್ಲರೂ ಹಾಗೆ ಇಡುತ್ತಿದ್ದರು ಅಂತ ಹೇಳಲಾರೆ.

ಬೆಲೆ ಏರಿಸಿ ರಿಬೇಟ್ ತೋರಿಸುವವರೂ ಇದ್ದರು. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆಷಾಢ ಸೇಲ್ ನೋಡಿದವರು ನೀವು.

ಇಷ್ಟು ಹೇಳಿ ಕೂರಬೇಕು ಅನ್ನುವಷ್ಟರಲ್ಲಿ ಪ್ರಶ್ನೆ ಶುರುವಾಯಿತು. ಮುಂದಿನ ಸಾಲಿನ ಒಬ್ಬರು ಕೇಳಿದರು: "ಸಾರ್, ನಮ್ಮಲ್ಲೂ ಸೋಲಾರ್ ಹೀಟರ್‌ಗೆ ಬಿಲ್ಲಿನಲ್ಲಿ ರಿಬೇಟ್ ಇದೆಯಲ್ಲ, ಯೂನಿಟ್‌ಗೆ ಐವತ್ತು ಪೈಸೆ. ಅದನ್ನು ಹೇಳಿ ಮಾರಬಹುದಾ?"

ಹೇಳಬಹುದು. ಆದರೆ ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ಅದು, ವರ್ಷಕ್ಕೆ 600. ಗೃಹಜ್ಯೋತಿ ಬಂದ ಮೇಲೆ ಬಿಲ್ಲೇ ಸೊನ್ನೆ ಬರುವ ಮನೆಯಲ್ಲಿ ಆ 50 ರೂಪಾಯಿ ಯಾರ ಕಣ್ಣಿಗೂ ಬೀಳುವುದಿಲ್ಲ. ಬೆಂಗಳೂರಿನ ಮನೆಗಳ ಮೇಲೆ ಇಷ್ಟೊಂದು ಸೋಲಾರ್ ಹೀಟರ್ ಕಾಣುವುದು ಆ ರಿಬೇಟ್‌ನಿಂದ ಅಂತ ನನಗನ್ನಿಸುವುದಿಲ್ಲ. ಸೋಲಾರ್ ಹೀಟರ್ ಇಲ್ಲದೆ ಒಂದು ಅಳತೆ ಮೀರಿದ ಹೊಸ ಮನೆಗೆ ಕರೆಂಟ್ ಕನೆಕ್ಷನ್ ಕೊಡುವುದಿಲ್ಲ ಅಂತ ಕಟ್ಟುನಿಟ್ಟು ಮಾಡಿದ್ದರಿಂದ. ರಿಬೇಟ್ ಸಣ್ಣದಾದರೆ ಅದನ್ನು ಮುಂದಿಟ್ಟು ಮಾರಬೇಡಿ. ಬೆಳಿಗ್ಗೆ ಆರಕ್ಕೆ ನಲ್ಲಿ ತಿರುಗಿಸಿದರೆ ಬಿಸಿನೀರು ಅಂತ ಮಾರಿ.

ಆಗ ಹಿಂದಿನ ಸಾಲಿನಿಂದ ಇನ್ನೊಬ್ಬರು ಎದ್ದರು. ಹೀಟರ್ ಜೊತೆ ಚಾವಣಿಗೆ ಕರೆಂಟ್ ಸೋಲಾರ್ ಕೂಡ ಹಾಕುತ್ತಾರಂತೆ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್‌ಗೆ ಬರುವ 78,000 ರೂಪಾಯಿ ಸಬ್ಸಿಡಿ ನೇರ ಮನೆಯವರ ಬ್ಯಾಂಕ್ ಖಾತೆಗೆ ಬೀಳುತ್ತದೆ, ಕೆಲಸ ಮುಗಿದ ಮೇಲೆ.

"ನೀವು ಹೇಳಿದ ಹಾಗೆ ನಾನೂ ಕಾಯ್ತೀನಿ ಸಾರ್. ಅಷ್ಟು ದುಡ್ಡು ಬಿಟ್ಟು ಉಳಿದದ್ದು ತಗೋತೀನಿ. ಸಬ್ಸಿಡಿ ಬಂದ ಮೇಲೆ ಕೊಡಿ ಅಂತೀನಿ. ಹನ್ನೆರಡು ಮನೆ ಮಾಡಿದೆ. ಹತ್ತು ಮನೆಯವರು ಕೊಟ್ಟರು."

"ಇನ್ನೆರಡು?"

"ಒಬ್ಬರು ಮಗಳ ಮದುವೆಗೆ ಖರ್ಚಾಯ್ತು ಅಂದರು. ಮದುವೆಗೆ ನನ್ನನ್ನೂ ಕರೆದಿದ್ದರು, ಹೋಗಿ ಊಟ ಮಾಡಿ ಬಂದೆ. ಇನ್ನೊಬ್ಬರು ಫೋನ್ ಎತ್ತಲ್ಲ."

ಎಲ್ಲರೂ ನಕ್ಕರು. ಅವರು ನಗಲಿಲ್ಲ. ಜೇಬಿನಿಂದ ಒಂದು ಸಣ್ಣ ನೋಟ್‌ಬುಕ್ ತೆಗೆದು, ಆ ಎರಡು ಹೆಸರಿನ ಮುಂದೆ ಹಾಕಿದ್ದ ತಾರೀಕು ತೋರಿಸಿ, "ಹೀಗಾದರೆ ನಿಮ್ಮ ಕಡೆ ಏನು ಮಾಡ್ತಿದ್ರಿ ಸಾರ್?" ಅಂದರು.

ನಾವು ಅಡ್ವಾನ್ಸ್ ದಿನವೇ ಬರೆಸಿಕೊಳ್ಳುತ್ತಿದ್ದೆವು, ಚೆಕ್ ಬಂದ ಹದಿನೈದು ದಿನದೊಳಗೆ ಕೊಡದಿದ್ದರೆ ಬಡ್ಡಿ ಅಂತ. ಅದನ್ನು ಹೇಳಿದೆ. ಆ ಒಪ್ಪಂದದ ಹಾಳೆಯ ನಮೂನೆ ಬೇಕು ಅಂದರು. ಇನ್ನೂ ಮೂರ್ನಾಲ್ಕು ಜನ ತಮಗೂ ಬೇಕು ಅಂತ ಕೈ ಎತ್ತಿದರು. ಅಷ್ಟರಲ್ಲಿ ಊಟದ ಮನೆಯಿಂದ ಸಾರಿನ ವಾಸನೆ ಬಂತು.